ಕೋಟಿಂಗ್ ಇಲ್ಲದ ಪಾತ್ರೆ: ವರ್ನಿಯರ್ ಹಿಡಿದು ಚಿಕ್ಕಪೇಟೆಗೆ

ಪಾತ್ರೆ ಕೊಳ್ಳಲು ಹೋಗುವಾಗ ನನ್ನ ಜೇಬಿನಲ್ಲಿ ಎರಡು ಸಾಮಾನು ಇರುತ್ತವೆ. ಒಂದು ತಗಡಿನ ದಪ್ಪ ಅಳೆಯುವ ಹಳೆಯ ವರ್ನಿಯರ್ ಕ್ಯಾಲಿಪರ್, ಇನ್ನೊಂದು ಫ್ರಿಜ್ ಬಾಗಿಲಿನಿಂದ ಕಿತ್ತ ಮ್ಯಾಗ್ನೆಟ್. ನನ್ನವಳಿಗೆ ಇದು ದೊಡ್ಡ ಮುಜುಗರ. "ರೀ, ಅಂಗಡೀಲಿ ಅದನ್ನ ತೆಗೀಬೇಡಿ, ಇಲ್ಲಾಂದ್ರೆ ನಾನು ಆಚೆ ನಿಂತ್ಕೋತೀನಿ" ಅನ್ನುತ್ತಾಳೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ 31 ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು ನಾನು. ಅಳತೆ ನೋಡದೆ ಯಾವ ಲೋಹವನ್ನೂ ಒಳಗೆ ಬಿಟ್ಟುಕೊಂಡವನಲ್ಲ. ರಿಟೈರ್ ಆದ ಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂತು. ಅವಳ ಬ್ಯಾಂಕ್ ಕೆಲಸ ಇನ್ನೂ ನಾಲ್ಕು ವರ್ಷ ಇದೆ.

ಹೋದ ವರ್ಷ ಮಗಳು ಕೆಂಗೇರಿ ಹತ್ತಿರ ಬಾಡಿಗೆ ಮನೆ ಮಾಡಿದಳು. "ಅಪ್ಪ, ನಾನ್‌ಸ್ಟಿಕ್ ಬೇಡ ಅಂದ್ಕೊಂಡಿದೀನಿ. ಬೇರೆ ಏನು ತಗೊಳ್ಲಿ, ಒಂದು ಲಿಸ್ಟ್ ಕಳಿಸು" ಅಂದಳು. ಲಿಸ್ಟ್ ಬರೆಯಲು ಕೂತೆ. ಅದು ಉದ್ದವಾಯಿತು.

ನಾನ್‌ಸ್ಟಿಕ್ ಮೇಲೆ ನನಗೆ ದ್ವೇಷವಿಲ್ಲ. ಹನ್ನೆರಡು ವರ್ಷದಲ್ಲಿ ಐದು ತವಾ ಕೊಂಡವನು ನಾನೇ. ಕೊನೆಯದಕ್ಕೆ ಐದು ವರ್ಷದ ವಾರಂಟಿ ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. 14 ತಿಂಗಳಿಗೆ ನಡುವೆ ರೂಪಾಯಿ ಅಗಲದಷ್ಟು ಕಪ್ಪು ಎದ್ದುಹೋಯಿತು. ಫೋನ್ ಮಾಡಿದರೆ "ಸ್ಟೀಲ್ ಮಗುಚೋ ಕೈ ಬಳಸಿದ್ದೀರಾ ಸಾರ್?" ಅಂತ ಒಂದೇ ಪ್ರಶ್ನೆ. ಬಳಸಿದ್ದೆ. ಅಲ್ಲಿಗೆ ವಾರಂಟಿ ಮುಗಿಯಿತು. ಆ ಕಪ್ಪು ಪದರದ ದಪ್ಪ ನಮ್ಮ ತಲೆಗೂದಲಿನಷ್ಟೂ ಇರುವುದಿಲ್ಲ. ಅಷ್ಟು ತೆಳ್ಳಗಿನದನ್ನು ದಿನಾ ಎರಡು ಹೊತ್ತು ಕೆರೆದರೆ ಎಷ್ಟು ದಿನ ಬಾಳುತ್ತದೆ ಹೇಳಿ.

ಆ ಪದರದ ಹೆಸರು ಪಿಟಿಎಫ್ಇ. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿದ್ದು. ಒಂದು ಚೂರು ಹೊಟ್ಟೆಗೆ ಹೋದರೆ ಗಾಬರಿ ಬೇಡ, ಅದು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ತೊಂದರೆ ಇರುವುದು ಬಿಸಿಯಲ್ಲಿ. ಸುಮಾರು 260 ಡಿಗ್ರಿ ದಾಟಿದರೆ ಅದು ಕೆಡಲು ಶುರುವಾಗುತ್ತದೆ. ಇನ್ನೂ ಕಾದರೆ ಬರುವ ಹೊಗೆಗೆ ಮನೆಯಲ್ಲಿ ಸಾಕಿದ ಹಕ್ಕಿಗಳು ಸತ್ತದ್ದುಂಟು. ಜೋರು ಉರಿಯ ಮೇಲೆ ಖಾಲಿ ತವಾ ಇಟ್ಟು, ಹಿಟ್ಟು ತರಲು ಹೋಗಿ, ನಡುವೆ ಬಂದ ಫೋನ್ ಎತ್ತಿಕೊಂಡರೆ ಆ ಬಿಸಿಗೆ ಕೆಲವೇ ನಿಮಿಷ ಸಾಕು. ನಮ್ಮ ಅಡುಗೆಯೇ ಅಂಥದ್ದು. ಹೆಂಚು ಹೊಗೆಯಾಡುವ ತನಕ ಕಾಯಿಸುವವರು ನಾವು.

ಬೇರೆಯದನ್ನು ಹುಡುಕುವಾಗ ಮೊದಲು ಸಿಗುವುದು ವೇಷ ಹಾಕಿದ ನಾನ್‌ಸ್ಟಿಕ್ಕೇ. 'ಗ್ರಾನೈಟ್ ಫಿನಿಶ್' ಅಂತ ಚುಕ್ಕೆ ಚುಕ್ಕೆ ಇರುವ ತವಾದಲ್ಲಿ ಕಲ್ಲು ಇರುವುದಿಲ್ಲ. ಬಹಳಷ್ಟು ಕಡೆ ಅದೂ ಪಿಟಿಎಫ್ಇ, ಬಣ್ಣ ಬೇರೆ ಅಷ್ಟೆ. 'ಪಿಎಫ್ಒಎ ಇಲ್ಲ' ಅಂತ ಬರೆದಿದ್ದರೆ ಪಿಟಿಎಫ್ಇ ಇಲ್ಲ ಅಂತ ಅರ್ಥವಲ್ಲ. ಪಿಎಫ್ಒಎ ಅನ್ನುವುದು ತಯಾರಿಕೆಯಲ್ಲಿ ಬಳಸುತ್ತಿದ್ದ ಇನ್ನೊಂದು ರಾಸಾಯನಿಕ. 'ಸೆರಾಮಿಕ್' ಅನ್ನುವುದರಲ್ಲಿ ಪಿಟಿಎಫ್ಇ ಇರುವುದಿಲ್ಲ, ನಿಜ. ಆದರೆ ಅದೂ ಬಳಿದ ಪದರವೇ. ಒಂದೆರಡು ವರ್ಷಕ್ಕೆ ಅಂಟಲು ಶುರುವಾಗುತ್ತದೆ. ಹಾರ್ಡ್ ಅನೊಡೈಸ್ಡ್ ಅನ್ನುವ ಬೂದುಗಪ್ಪು ಪಾತ್ರೆಯ ಮೇಲ್ಮೈ ಅಲ್ಯುಮಿನಿಯಂನಿಂದಲೇ ಬೆಳೆಸಿದ್ದು, ಹಾಗಾಗಿ ಏಳುವುದಿಲ್ಲ. ಆದರೆ ಕೆಲವಕ್ಕೆ ಒಳಗಡೆ ಮತ್ತೆ ನಾನ್‌ಸ್ಟಿಕ್ ಬಳಿದಿರುತ್ತಾರೆ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿ.

ಮೊದಲು ಅಡುಗೆ, ಆಮೇಲೆ ಪಾತ್ರೆ

ಮಗಳಿಗೆ ನಾನು ಕೊಟ್ಟ ಮೊದಲ ಕೆಲಸ: ಒಂದು ವಾರ ಏನೇನು ಮಾಡುತ್ತೀಯೋ ಬರೆದಿಡು. ಅವಳ ಚೀಟಿ ಹೀಗಿತ್ತು. ಅನ್ನ, ತಿಳಿಸಾರು, ಹುಳಿ, ಬೀನ್ಸ್ ಪಲ್ಯ, ಉಪ್ಪಿಟ್ಟು, ದೋಸೆ ಮೂರು ಸಲ, ಚಪಾತಿ, ಮೊಟ್ಟೆ, ಭಾನುವಾರ ಅಕ್ಕಿ ರೊಟ್ಟಿ, ಒಂದು ದಿನ ಮ್ಯಾಗಿ.

ಇದರಲ್ಲಿ ಅರ್ಧ ನೀರಿನ ಅಡುಗೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನೀರು ಇರುವಷ್ಟು ಹೊತ್ತು ಸಾರು ಅದಕ್ಕಿಂತ ಹೆಚ್ಚು ಬಿಸಿಯಾಗುವುದಿಲ್ಲ, ಅಂಟುವ ಪ್ರಶ್ನೆಯೂ ಇಲ್ಲ. ಅನ್ನ, ಬೇಳೆ, ತಿಳಿಸಾರು, ಮ್ಯಾಗಿಗೆ ಮನೆಯಲ್ಲಿರುವ ಮಾಮೂಲಿ ಸ್ಟೀಲ್ ತಪ್ಪಲೆ, ಕುಕ್ಕರ್ ಸಾಕು. ಅದಕ್ಕೆ ಮೂರು ಸಾವಿರ ಸುರಿಯುವುದು ಸುಮ್ನೆ ದಂಡ. ನೀರು ಕಡಿಮೆಯಾಗಿ ಗಟ್ಟಿಯಾಗುವ ಅಡುಗೆಯಲ್ಲಿ ಕಷ್ಟ ಶುರು. ಉಪ್ಪಿಟ್ಟು, ಹುಳಿ, ಪಾಯಸ, ರಾಗಿ ಮುದ್ದೆ, ಕಾಯಿಸಿದ ಹಾಲು, ಇವೆಲ್ಲ ತಳ ಹಿಡಿಯುವ ಜಾತಿ. ಇವಕ್ಕೆ ದಪ್ಪ ತಳ ಬೇಕು. ಕೊನೆಗೆ ಉಳಿಯುವುದು ಒಣ ಬಿಸಿಯ ಮೇಲೆ ನೇರ ಬೇಯುವ ದೋಸೆ, ರೊಟ್ಟಿ, ಮೊಟ್ಟೆ. ನಾನ್‌ಸ್ಟಿಕ್ ಆಸೆ ಹುಟ್ಟುವುದು ಈ ಮೂರಕ್ಕೆ ಮಾತ್ರ.

ಅಂದರೆ ಹೊಸದಾಗಿ ಕೊಳ್ಳಬೇಕಾದ್ದು ಎರಡು ಅಥವಾ ಮೂರು ಬಗೆ. ಹನ್ನೆರಡು ಪೀಸಿನ ಸೆಟ್ ಯಾರೂ ಕೊಳ್ಳಬೇಡಿ. ಸೆಟ್‌ನಲ್ಲಿ ನಾಲ್ಕು ಬಳಸುತ್ತೀರಿ, ನಾಲ್ಕು ಮುಚ್ಚಳ, ಉಳಿದದ್ದು ಅಟ್ಟಕ್ಕೆ.

ಸ್ಟೀಲು

ಅಂಗಡಿಯವರು ಹೇಳುವ 'ಫುಡ್ ಗ್ರೇಡ್' ಅನ್ನುವ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಬೇಡಿ. ಸ್ಟೀಲಿನ ಗ್ರೇಡ್ ನಂಬರು ಕೇಳಿ. 304 ಅಂದರೆ ಕ್ರೋಮಿಯಂ ಸುಮಾರು 18 ಶೇಕಡ, ನಿಕಲ್ 8 ಶೇಕಡ. ತಳದಲ್ಲಿ 18/8 ಅಂತ ಒತ್ತಿರುವುದೂ ಇದನ್ನೇ. 430ರಲ್ಲಿ ನಿಕಲ್ ಇಲ್ಲ. 202ರಲ್ಲಿ ದುಬಾರಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಜಾಸ್ತಿ ಹಾಕಿರುತ್ತಾರೆ. ಹೊಸದರಲ್ಲಿ ಮೂರೂ ಒಂದೇ ಥರ ಥಳಥಳ. ಉಪ್ಪು, ಹುಣಸೆ ಬಿದ್ದು ವರ್ಷ ಕಳೆದ ಮೇಲೆ 202ರ ತಳದಲ್ಲಿ ಸೂಜಿಮೊನೆಯಂಥ ಚುಕ್ಕೆಗಳು ಬೇಗ ಕಾಣುತ್ತವೆ.

ಇನ್ನು ಮ್ಯಾಗ್ನೆಟ್ ವಿಷಯ. "ಮ್ಯಾಗ್ನೆಟ್ ಅಂಟದಿದ್ದರೆ ಒಳ್ಳೆ ಸ್ಟೀಲ್" ಅಂತ ಬಹಳ ಜನ ನಂಬಿದ್ದಾರೆ. ಅರ್ಧ ಸುಳ್ಳು. 304ಕ್ಕೂ ಅಂಟುವುದಿಲ್ಲ, ಅಗ್ಗದ 202ಕ್ಕೂ ಅಂಟುವುದಿಲ್ಲ. ಅಂಟುವುದು 430ಕ್ಕೆ. ಹಾಗಾದರೆ ಮ್ಯಾಗ್ನೆಟ್ ಯಾಕೆ ಒಯ್ಯುತ್ತೇನೆ? ತಳಕ್ಕೆ ಅಂಟಿದರೆ ಆ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡುತ್ತದೆ. ಅಷ್ಟು ತಿಳಿಯಲಿಕ್ಕೆ. 304 ಹೌದೋ ಅಲ್ಲವೋ ತಿಳಿಯಲು ಕಾರ್ಖಾನೆಯಲ್ಲಿ ನಾವು ಒಂದು ಹನಿ ದ್ರಾವಣ ಹಾಕಿ ನೋಡುತ್ತಿದ್ದೆವು. ಅದನ್ನು ಅಂಗಡಿಗೆ ಒಯ್ಯುವ ಧೈರ್ಯ ನನಗೂ ಇಲ್ಲ. ತಳದಲ್ಲಿ ನಂಬರು ಒತ್ತಿದೆಯೇ, ಬಿಲ್ಲಿನಲ್ಲಿ ಆ ನಂಬರು ಬರೆದು ಕೊಡುತ್ತಾರೆಯೇ, ಇವೆರಡು ನೋಡಿ. ಬಿಲ್ಲಿನಲ್ಲಿ ಬರೆಯಲು ಹಿಂದೆಮುಂದೆ ನೋಡಿದರೆ ಉತ್ತರ ಸಿಕ್ಕಂತೆ.

ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿ 2024ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಸ್ಟೀಲಿಗೆ ಐಎಸ್ 14756, ಅಲ್ಯುಮಿನಿಯಂಗೆ ಐಎಸ್ 1660. ಗುರುತಿನ ಜೊತೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು ಇರುತ್ತದೆ. ಈ ಗುರುತು ಕೊಡುವ ಸಂಸ್ಥೆ ಬಿಐಎಸ್. ಫೋನಿನ ಬಿಐಎಸ್ ಕೇರ್ ಆಪ್‌ನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಯಾರದು ಅಂತ ತೋರಿಸುತ್ತದೆ. ನಾನು ಅಂಗಡಿಯಲ್ಲೇ ನಿಂತು ಹಾಕಿ ನೋಡುತ್ತೇನೆ. ನನ್ನವಳು ಆಚೆ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಸ್ಟೀಲಿನ ದೊಡ್ಡ ದೋಷ ಅಂದರೆ ಅದು ಬಿಸಿಯನ್ನು ಹರಡುವುದಿಲ್ಲ. ಉರಿ ತಾಗಿದ ಕಡೆ ಸೀಯುತ್ತದೆ, ಪಕ್ಕದಲ್ಲಿ ಹಸಿ ಇರುತ್ತದೆ. ಅಲ್ಯುಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಚೆನ್ನಾಗಿ ಹರಡುತ್ತದೆ. ಹಾಗಾಗಿ ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯುಮಿನಿಯಂ ಇಟ್ಟು ಒತ್ತಿದ್ದೇ ಟ್ರೈಪ್ಲೈ. ಒಳಗೆ 304, ಹೊರಗೆ ಸಾಮಾನ್ಯವಾಗಿ 430. ಸಾರು ತಾಗುವುದು ಸ್ಟೀಲಿಗೆ, ಬಿಸಿ ಓಡಾಡುವುದು ಅಲ್ಯುಮಿನಿಯಂನಲ್ಲಿ. ನನ್ನ ಮಟ್ಟಿಗೆ, ದುಡ್ಡು ಕೊಟ್ಟದ್ದಕ್ಕೆ ಮೋಸವಾಗದ ಒಂದೇ ಹೊಸ ಕಾಲದ ಪಾತ್ರೆ ಇದು. ಹುಳಿ, ಗೊಜ್ಜು, ಪಲ್ಯ, ಉಪ್ಪಿಟ್ಟು, ಎಲ್ಲಕ್ಕೂ ಆಗುತ್ತದೆ.

ಕೊಳ್ಳುವಾಗ ಒಂದು ವ್ಯತ್ಯಾಸ ನೋಡಿಕೊಳ್ಳಿ. ಕೆಲವು ಬಾಣಲೆಗೆ ತಳದಲ್ಲಿ ಮಾತ್ರ ದಪ್ಪನೆಯ ಬಿಲ್ಲೆ ಅಂಟಿಸಿರುತ್ತಾರೆ, ಗೋಡೆ ಬರೀ ಸ್ಟೀಲು. ಪಕ್ಕದಿಂದ ನೋಡಿದರೆ ತಳದಲ್ಲಿ ಮೆಟ್ಟಿಲಿನಂಥ ಗೆರೆ ಕಾಣುತ್ತದೆ. ಹಾಲು, ಪಾಯಸದ ತಪ್ಪಲೆಗೆ ಅದು ಸಾಕು, ಬೆಲೆಯೂ ಕಡಿಮೆ. ಬಾಣಲೆಗೆ ಸಾಲದು, ಪಲ್ಯ ಗೋಡೆಗೆ ತಾಗಿದ ಕಡೆಯೆಲ್ಲ ಕರಕಲಾಗುತ್ತದೆ. ಪೂರ್ತಿ ಟ್ರೈಪ್ಲೈ ಆದರೆ ಬಾಯಂಚಿನಲ್ಲಿ ಹೊಳೆಯುವ ಎರಡು ಗೆರೆಗಳ ನಡುವೆ ಮಂಕಾದ ಬೂದು ಗೆರೆ ಕಾಣಬೇಕು. ಅಲ್ಲೇ ನನ್ನ ವರ್ನಿಯರ್ ಕೂರುವುದು. 2.5 ಮಿಲಿಮೀಟರ್ ಬಂದರೆ ತಗೊಳ್ಳುತ್ತೇನೆ. ವರ್ನಿಯರ್ ಇಲ್ಲದವರು ಒಂದೇ ಅಳತೆಯ ಎರಡು ಬಾಣಲೆ ಕೈಯಲ್ಲಿ ಹಿಡಿದು ತೂಗಿ ನೋಡಿ. ತೂಕ ಸುಳ್ಳು ಹೇಳುವುದು ಕಡಿಮೆ.

ಬರೀ ಸ್ಟೀಲ್ ತಪ್ಪಲೆ ಕೊಳ್ಳುವಾಗ ಅಂಗಡಿಯವರು ಗೇಜ್ ಲೆಕ್ಕ ಹೇಳುತ್ತಾರೆ. ಅಲ್ಲಿ ಉಲ್ಟಾ: ನಂಬರು ಇಳಿದಷ್ಟೂ ತಗಡು ದಪ್ಪ. 22 ಗೇಜ್ ತೆಳು, 18 ದಪ್ಪ. "ಸಾರ್, ಇದು ಜಾಸ್ತಿ ಗೇಜು" ಅಂತ ಒಬ್ಬ ಹುಡುಗ ನನಗೇ ಮಾರಲು ನೋಡಿದ. ಪಾಪ, ಅವನಿಗೂ ಗೊತ್ತಿರಲಿಲ್ಲ.

ಸ್ಟೀಲಿನಲ್ಲಿ ಮೊಟ್ಟೆ ಅಂಟುತ್ತದೆ ಅನ್ನುವವರಿಗೆ ಇಷ್ಟು ಹೇಳಿಕೊಟ್ಟರೆ ಸಾಕು. ಟ್ರೈಪ್ಲೈ ಬಾಣಲೆಯನ್ನು ಮಧ್ಯಮ ಉರಿಯಲ್ಲಿ ಎರಡು ಮೂರು ನಿಮಿಷ ಖಾಲಿ ಕಾಯಿಸಿ. ಒಂದು ಹನಿ ನೀರು ಚಿಮುಕಿಸಿ. ಚೊಂಯ್ ಅಂದು ಆವಿಯಾದರೆ ಇನ್ನೂ ಸಾಲದು. ಹನಿ ಒಡೆಯದೆ ಪಾದರಸದ ಹಾಗೆ ಉರುಳಾಡಿದರೆ ಹದ ಬಂತು. ಉರಿ ತಗ್ಗಿಸಿ, ಎಣ್ಣೆ ಹಾಕಿ, ಅರ್ಧ ನಿಮಿಷ ಬಿಟ್ಟು ಮೊಟ್ಟೆ ಒಡೆಯಿರಿ. ಆಮೇಲೆ ಕೈ ಕಟ್ಟಿಕೊಂಡು ನಿಲ್ಲಿ. ಬೇಯುತ್ತಿದ್ದ ಹಾಗೆ ಅದೇ ಬಿಡುತ್ತದೆ. ಬಿಡುವ ಮೊದಲೇ ಕೆದಕಿದರೆ ಮಾತ್ರ ಹರಿಯುವುದು. ನನಗೆ ಇದು ಕೈಗೆ ಬರಲು ಒಂದು ಡಜನ್ ಮೊಟ್ಟೆ ಹಾಳಾಯಿತು. ಹಾಳಾದದ್ದೆಲ್ಲ ಬುರ್ಜಿಯಾಯಿತು, ನಷ್ಟವೇನಿಲ್ಲ.

ಉಪ್ಪನ್ನು ತಣ್ಣೀರಿಗೆ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಹಾಗೇ ಬಿಡಬೇಡಿ, ತಳದಲ್ಲಿ ಕೂತು ಚುಕ್ಕೆ ಕೊರೆಯುತ್ತದೆ. ಕುದಿ ಬಂದ ಮೇಲೆ ಹಾಕಿ. ಬೋರ್‌ವೆಲ್ ನೀರಿನ ಮನೆಯಲ್ಲಿ ಬಿಳಿ ಕಲೆ ಕೂರುತ್ತದೆ. ಹುಣಸೆಹಣ್ಣು ಅಥವಾ ನಿಂಬೆ ಸಿಪ್ಪೆ ಉಜ್ಜಿದರೆ ಹೋಗುತ್ತದೆ.

ಕಬ್ಬಿಣ

ದೋಸೆಗೆ ಕಬ್ಬಿಣವೇ. ಇದರಲ್ಲಿ ನಾನು ಚರ್ಚೆಗೆ ಇಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಿದೆ. ಅಲ್ಲಿಂದ ಹಿಡಿದು ನಿಮ್ಮ ಬೀದಿಯ ದರ್ಶಿನಿಯ ತನಕ ದೋಸೆ ಅಂದರೆ ನೆನಪಾಗುವುದು ಆ ಅಗಲವಾದ ದಪ್ಪ ಹೆಂಚೇ ಅಲ್ವಾ? ದರ್ಶಿನಿಯ ಅಡುಗೆಯವರು ಒಂದು ಸಾಲು ದೋಸೆ ತೆಗೆದ ಮೇಲೆ ನೀರು ಚೆಲ್ಲಿ ಪೊರಕೆಯಲ್ಲಿ ಗುಡಿಸುವುದನ್ನು ನಿಂತು ನೋಡಿ. ಗಲೀಜು ತೆಗೆಯುವುದು ಅರ್ಧ ಕೆಲಸ, ಹೆಂಚಿನ ಬಿಸಿ ಇಳಿಸುವುದು ಇನ್ನರ್ಧ. ಹೆಂಚು ಅತಿ ಕಾದಿದ್ದರೆ ಹಿಟ್ಟು ಹರಡುವುದಿಲ್ಲ, ಸೌಟಿಗೆ ಸುತ್ತಿಕೊಂಡು ಎದ್ದು ಬರುತ್ತದೆ. ಸಾಲದೆ ಹೋದರೆ ಹೆಂಚಿಗೆ ಹಿಡಿಯುತ್ತದೆ. ಮನೆಯಲ್ಲಿ ಪ್ರತಿ ದೋಸೆಗೂ ಮೊದಲು ಒಂದು ಚಿಟಿಕೆ ನೀರು ಚಿಮುಕಿಸಿ, ಅರ್ಧ ಹೆಚ್ಚಿದ ಈರುಳ್ಳಿಯಿಂದ ಉಜ್ಜಿದರೆ ಸಾಕು.

ಕಬ್ಬಿಣದಲ್ಲಿ ಎರಡು ಬಗೆ. ಅಚ್ಚಿಗೆ ಹುಯ್ದದ್ದು ಬೀಡು. ತಗಡನ್ನು ಬಡಿದೋ ಒತ್ತಿಯೋ ಮಾಡಿದ್ದು ಸಾದಾ ಕಬ್ಬಿಣ. ಬೀಡಿನ ಹೆಂಚು ನಾಲ್ಕೈದು ಮಿಲಿಮೀಟರ್ ದಪ್ಪ, ಎರಡು ಕಿಲೋ ಆಸುಪಾಸು ತೂಕ. ನಿಧಾನಕ್ಕೆ ಕಾಯುತ್ತದೆ, ಕಾದ ಮೇಲೆ ಬಿಸಿ ಹಿಡಿದುಕೊಳ್ಳುತ್ತದೆ. ತಣ್ಣನೆಯ ಹಿಟ್ಟು ಬಿದ್ದರೂ ಜಗ್ಗುವುದಿಲ್ಲ. ದೋಸೆಗೆ ಬೇಕಾದ್ದು ಇದೇ ಗುಣ. ಆದರೆ ಬೀಡೂ ಬಿಸಿ ಹರಡುವುದರಲ್ಲಿ ಅಷ್ಟೇನೂ ಜಾಣನಲ್ಲ. ಸಣ್ಣ ಬರ್ನರ್ ಮೇಲೆ ಜೋರಾಗಿ ಕಾಯಿಸಿದರೆ ನಡುವೆ ಸೀಯುತ್ತದೆ, ಅಂಚು ಬಿಳಿ ಉಳಿಯುತ್ತದೆ. ದೊಡ್ಡ ಬರ್ನರ್, ಸಣ್ಣ ಉರಿ, ಐದಾರು ನಿಮಿಷ.

ಬೀಡು ಆರಿಸುವಾಗ ಮೂರು ಕೆಲಸ ಮಾಡುತ್ತೇನೆ. ಹಿಡಿಯಲ್ಲಿ ನೇತುಹಾಕಿ ಹಿಡಿದು ನಾಣ್ಯದಿಂದ ಬಡಿಯುತ್ತೇನೆ. ಠಣ್ ಅಂತ ಎಳೆದು ಕೇಳಿದರೆ ಸರಿ. ಠಪ್ ಅಂತ ಸತ್ತ ಸದ್ದು ಬಂದರೆ ಎಲ್ಲೋ ಬಿರುಕಿದೆ. ಎರಡನೆಯದು, ಬೆರಳು ಒಳಗೆ ಆಡಿಸುತ್ತೇನೆ. ಮರಳುಕಾಗದದಷ್ಟು ತರಿ ಇದ್ದರೆ ಪರವಾಗಿಲ್ಲ, ವರ್ಷ ಬಳಸಿದರೆ ನುಣುಪಾಗುತ್ತದೆ. ಸಾಸಿವೆ ಕಾಳು ಕೂರುವಷ್ಟು ಗುಳಿ ಇದ್ದರೆ ಬೇಡ, ಎರಕದಲ್ಲಿ ಗಾಳಿ ಸಿಕ್ಕಿಕೊಂಡಿದೆ. ಮೂರನೆಯದಾಗಿ ಅಂಗಡಿಯ ಗಾಜಿನ ಕೌಂಟರ್ ಮೇಲೆ ಇಟ್ಟು ಅಂಚು ಒತ್ತುತ್ತೇನೆ. ಅಲುಗಾಡಿದರೆ ತಳ ಸಮ ಇಲ್ಲ. ಈ ಗಾಜಿನ ಪರೀಕ್ಷೆ ಸ್ಟೀಲ್ ಬಾಣಲೆಗೂ ಮಾಡಿ. ತಣ್ಣಗಿರುವಾಗ ತಳ ಕೂದಲೆಳೆಯಷ್ಟು ಒಳಗೆ ಬಾಗಿದ್ದರೆ ತಪ್ಪಲ್ಲ, ಕಾದಾಗ ಸಮವಾಗುತ್ತದೆ. ಹೊರಗೆ ಉಬ್ಬಿದ್ದರೆ ಎಣ್ಣೆಯೆಲ್ಲ ಅಂಚಿಗೆ ಓಡುತ್ತದೆ.

ಈಗ ಅಕ್ಕಿ ರೊಟ್ಟಿ. ನಮ್ಮ ಮನೆಯಲ್ಲಿ ನಾನ್‌ಸ್ಟಿಕ್ ಇಷ್ಟು ವರ್ಷ ಉಳಿದದ್ದೇ ಇದರಿಂದ. ಸಬ್ಬಸಿಗೆ ಸೊಪ್ಪು, ಈರುಳ್ಳಿ, ಅವರೆಕಾಯಿ ಕಾಲದಲ್ಲಿ ಅವರೆಕಾಳು ಹಾಕಿ ಕಲಸಿದ ಹಿಟ್ಟನ್ನು ತಣ್ಣಗಿನ ತವಾಕ್ಕೇ ಎಣ್ಣೆ ಸವರಿ ಕೈಯಿಂದ ತಟ್ಟಬೇಕು. ಒಂದು ರೊಟ್ಟಿ ಆದ ಮೇಲೆ ತವಾ ಕಾದಿರುತ್ತದೆ, ಕೈ ಇಡಲಾಗುವುದಿಲ್ಲ. ಆಗ ಎಲ್ಲರೂ ಮಾಡುವುದೇನು? ತವಾ ಬೋರಲು ಹಾಕಿ ನಲ್ಲಿ ಕೆಳಗೆ ಹಿಡಿಯುವುದು. ಬುಸ್ ಅಂತ ಹೊಗೆ. ಅಲ್ಯುಮಿನಿಯಂ ತವಾ ಹಾಗೆ ಮಾಡಿದಾಗಲೆಲ್ಲ ಚೂರು ಚೂರು ಸೊಟ್ಟಗಾಗುತ್ತದೆ. ಬೀಡಿಗೆ ಮಾಡಿದರೆ ಬಿರುಕೇ ಬಿಡಬಹುದು. ನಮ್ಮಮ್ಮನ ಕಾಲದ ಒಂದು ಹೆಂಚು ಹಾಗೆಯೇ ನನ್ನ ಕೈಯಲ್ಲಿ ಎರಡಾಯಿತು. 31 ವರ್ಷ ಲೋಹದ ಜೊತೆ ಬದುಕಿದವನು ಮಾಡಿದ ಕೆಲಸ ಅದು. ನನ್ನವಳು ಈಗಲೂ ನೆಂಟರ ಮುಂದೆ ಹೇಳುತ್ತಾಳೆ.

ಆಮೇಲೆ ಗೊತ್ತಾದದ್ದು: ರೊಟ್ಟಿಗೆ ದಪ್ಪ ಹೆಂಚು ಬೇಡ, ತೆಳುವಾದದ್ದೇ ಬೇಕು. ಎರಡು ಮಿಲಿಮೀಟರಿನ ಸಾದಾ ಕಬ್ಬಿಣದ ಬಾಣಲೆ ಎರಡು ತಂದೆ. ಒಂದು ಒಲೆಯ ಮೇಲೆ ಬೇಯುವಾಗ ಇನ್ನೊಂದು ಕಿಟಕಿ ಕಟ್ಟೆಯ ಮೇಲೆ ಆರುತ್ತದೆ. ತೆಳು ತಗಡು ಬೇಗ ಆರುತ್ತದೆ, ಮುಂದಿನ ರೊಟ್ಟಿ ತಟ್ಟುವ ಹೊತ್ತಿಗೆ ಕೈ ತಡೆಯುವಷ್ಟು ಬಿಸಿ ಇರುತ್ತದೆ. ಎರಡು ಬಾಣಲೆಯ ಪದ್ಧತಿ ನನ್ನ ಶೋಧನೆಯಲ್ಲ, ಹಳೆಯ ಮನೆಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಇರುವುದು ಒಂದೇ ಹೆಂಚು ಅನ್ನುವವರು ಬಾಳೆಲೆಯ ತುಂಡಿಗೆ ಎಣ್ಣೆ ಸವರಿ, ಅದರ ಮೇಲೆ ತಟ್ಟಿ, ಕಾದ ಹೆಂಚಿನ ಮೇಲೆ ಬೋರಲು ಹಾಕಿ. ಎಲೆ ಬಾಡಿದ ಮೇಲೆ ತಾನೇ ಬಿಟ್ಟುಕೊಳ್ಳುತ್ತದೆ.

ಕಬ್ಬಿಣ ಪಳಗಿಸುವ ವಿಷಯದಲ್ಲಿ ಊರಿಗೊಂದು ಮಾತು. ನಾನು ಮಾಡುವುದು ಇದು. ಹೊಸದಕ್ಕೆ ತುಕ್ಕು ಹಿಡಿಯದ ಹಾಗೆ ಎಣ್ಣೆ ಬಳಿದಿರುತ್ತಾರೆ. ಬಿಸಿನೀರು, ಸೋಪು, ನಾರು ಹಾಕಿ ಕಪ್ಪು ನೀರು ಬರುವುದು ನಿಲ್ಲುವ ತನಕ ಉಜ್ಜಿ. ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಅರ್ಧ ಚಮಚ ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆಯನ್ನು ಒಳಗೆ, ಹೊರಗೆ, ಹಿಡಿಗೂ ಸವರಿ. ಈಗ ಒಣ ಬಟ್ಟೆ ತಗೊಂಡು, ತಪ್ಪಿ ಎಣ್ಣೆ ಹಾಕಿಬಿಟ್ಟಿದ್ದೀನಿ ಅನ್ನುವ ಹಾಗೆ ಎಲ್ಲ ಒರೆಸಿ ತೆಗೆಯಿರಿ. ಉಳಿಯುವ ತೆಳು ಪದರ ಸಾಕು. ಹೊಗೆ ಬರುವ ತನಕ ಕಾಯಿಸಿ, ಐದು ನಿಮಿಷ ಬಿಟ್ಟು ಆರಿಸಿ. ಇದನ್ನು ನಾಲ್ಕೈದು ಸಲ. ಕಿಟಕಿ ತೆಗೆದಿರಲಿ. ಕಾದ ಎಣ್ಣೆ ಗಟ್ಟಿಯಾಗಿ ಲೋಹಕ್ಕೆ ಕಚ್ಚಿಕೊಂಡು ಕಪ್ಪು ಹೊಳಪು ಬರುತ್ತದೆ. ಎಣ್ಣೆ ಜಾಸ್ತಿಯಾದರೆ ಅಂಟಂಟು ಉಳಿಯುತ್ತದೆ. ಬಹಳ ಜನ ಸೋಲುವುದು ಇಲ್ಲೇ. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೊದಲ ವಾರ ಚಪಾತಿ ಬೇಯಿಸಿ, ಈರುಳ್ಳಿ ಬಾಡಿಸಿ. ದೋಸೆಗೆ ಅವಸರ ಬೇಡ. ಎರಡನೆಯ ವಾರದ ಮೂರನೆಯ ದೋಸೆಯಿಂದ ನನ್ನದು ಏಳಲು ಶುರುವಾಯಿತು.

ದಿನಾ ಸೋಪು ಹಾಕಿ ತೊಳೆಯಬಾರದು ಅನ್ನುವುದು ಅತಿಯಾಯಿತು. ಚೂರು ಸೋಪು ಏನೂ ಮಾಡುವುದಿಲ್ಲ. ನೆನೆಹಾಕುವುದು ಮಾತ್ರ ಬೇಡ. ಕೆಲಸದವರು ಬರುವ ತನಕ ಸಿಂಕಿನಲ್ಲಿ ನೀರು ತುಂಬಿ ಇಟ್ಟರೆ ಸಂಜೆಗೆ ಕೆಂಪು ತುಕ್ಕು. ನಮ್ಮ ಮನೆಯಲ್ಲಿ ಕಬ್ಬಿಣ ಸಿಂಕಿಗೇ ಹೋಗುವುದಿಲ್ಲ. ನಾನೇ ತೊಳೆದು, ಒಲೆಯ ಮೇಲೆ ಒಂದು ನಿಮಿಷ ಒಣಗಿಸಿ, ಎಣ್ಣೆ ಬಟ್ಟೆ ಆಡಿಸಿ ಮೊಳೆಗೆ ನೇತುಹಾಕುತ್ತೇನೆ.

ಹುಣಸೆಹಣ್ಣು, ಟೊಮೆಟೊ ಕಬ್ಬಿಣದಲ್ಲಿ ಕುದಿಸಬೇಡಿ. ಸಾರು ಕಪ್ಪಾಗುತ್ತದೆ, ಬಾಯಿಗೆ ಲೋಹದ ರುಚಿ, ಪಳಗಿಸಿದ ಪದರವೂ ಹೋಗುತ್ತದೆ. ಕಬ್ಬಿಣದಲ್ಲಿ ಮಾಡಿದ ಪಲ್ಯದಿಂದ ಊಟಕ್ಕೆ ಸ್ವಲ್ಪ ಕಬ್ಬಿಣಾಂಶ ಸೇರುವುದು ನಿಜ. ಹಾಗಂತ ರಕ್ತಹೀನತೆಯ ಮಾತ್ರೆ ಬಿಟ್ಟು ಬಾಣಲೆ ನಂಬಿ ಕೂರಬೇಡಿ.

ಉಳಿದವು

ಬರೀ ಅಲ್ಯುಮಿನಿಯಂ, ಅಂಗಡಿಯಲ್ಲಿ ಹಿಂಡಾಲಿಯಂ ಅನ್ನುವುದೂ ಸೇರಿ, ಹಗುರ, ಅಗ್ಗ, ಬಿಸಿ ಚೆನ್ನಾಗಿ ಹರಡುತ್ತದೆ. ಹಳ್ಳಿ ಕಡೆ ಮುದ್ದೆಗೆ ದಪ್ಪ ಅಲ್ಯುಮಿನಿಯಂ ಬೋಸಿಯೇ ಬಳಸುತ್ತಾರೆ, ತಪ್ಪಿಲ್ಲ. ಹುಳಿ ಪದಾರ್ಥ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ ಆಹಾರ ಸಲಹೆಯಲ್ಲಿ ಚಟ್ನಿ, ಸಾಂಬಾರಿನಂಥ ಹುಳಿ ಅಡುಗೆಯನ್ನು ಅಲ್ಯುಮಿನಿಯಂ, ಕಬ್ಬಿಣ, ಕಲಾಯಿ ಇಲ್ಲದ ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಇಡಬೇಡಿ ಎಂದೇ ಹೇಳಿದೆ.

ಹಿತ್ತಾಳೆ ಈಗ ಮತ್ತೆ ಫ್ಯಾಷನ್. ಅಮ್ಮನ ಹಿತ್ತಾಳೆ ಕೊಳದಪ್ಪಲೆ ನನ್ನಲ್ಲೂ ಇದೆ, ಸಾರು ಅದರಲ್ಲಿ ಘಮ್ಮನೆ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಆದರೆ ಒಳಗೆ ಕಲಾಯಿ ಇರಲೇಬೇಕು, ಇಲ್ಲದಿದ್ದರೆ ಕಿಲುಬು. ಕಲಾಯಿ ಅಂದರೆ ತವರ. ಅದು 232 ಡಿಗ್ರಿಗೆ ಕರಗಿಬಿಡುತ್ತದೆ, ಹಾಗಾಗಿ ಖಾಲಿ ಪಾತ್ರೆ ಕಾಯಿಸಿ ಒಗ್ಗರಣೆ ಹಾಕುವ ಹಾಗಿಲ್ಲ. ಬೀದಿಯಲ್ಲಿ "ಪಾತ್ರೆಗೆ ಕಲಾಯಿ" ಅಂತ ಕೂಗಿಕೊಂಡು ಬರುತ್ತಿದ್ದವರು ನಮ್ಮ ಕಡೆ ಬಂದು ವರ್ಷಗಳಾದವು. ಈಗ ಪೇಟೆಗೇ ಹೊತ್ತುಕೊಂಡು ಹೋಗಬೇಕು. ಅಷ್ಟು ತಾಳ್ಮೆ ಇದ್ದರೆ ಕೊಳ್ಳಿ.

ಬಳಪದ ಕಲ್ಲಿನ ಪಾತ್ರೆ ಗೊಜ್ಜಿಗೆ ಬಹಳ ಚೆನ್ನ, ಹುಳಿಗೆ ಜಗ್ಗುವುದಿಲ್ಲ, ಒಲೆ ಆರಿಸಿದ ಮೇಲೂ ಕುದಿಯುತ್ತಿರುತ್ತದೆ. ಕೈ ಜಾರಿದರೆ ಕಥೆ ಮುಗಿಯಿತು. ಮಣ್ಣಿನ ಮಡಕೆ ಬೇಕಿದ್ದವರಿಗೆ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್ ಇದೆ. ನನ್ನ ಕೈಗೆ ಮಡಕೆ ಉಳಿಯುವುದಿಲ್ಲ, ಹಾಗಾಗಿ ಜಾಸ್ತಿ ಹೇಳಲಾರೆ.

ಕೊಂಡದ್ದು

ನಮ್ಮ ಮನೆ ಮಹಾಲಕ್ಷ್ಮಿ ಮೆಟ್ರೊ ನಿಲ್ದಾಣದ ಹತ್ತಿರ. ಹಸಿರು ಮಾರ್ಗದಲ್ಲಿ ಕೂತರೆ ನೇರ ಚಿಕ್ಕಪೇಟೆ. ಮಾಮೂಲ್‌ಪೇಟೆ, ಬಳೇಪೇಟೆ ಸುತ್ತಮುತ್ತ ಪಾತ್ರೆ ಅಂಗಡಿಗಳು. ಭಾನುವಾರ ಬಹಳಷ್ಟು ಮುಚ್ಚಿರುತ್ತವೆ. ವಾರದ ನಡುವೆ ಹನ್ನೊಂದು ಗಂಟೆಗೆ ಹೋದರೆ ಅಂಗಡಿಯವರಿಗೆ ನಿಮ್ಮ ಪ್ರಶ್ನೆ ಕೇಳುವ ವ್ಯವಧಾನ ಇರುತ್ತದೆ. ಹಬ್ಬದ ಹಿಂದಿನ ವಾರ ಹೋಗಬೇಡಿ. ಹಳೆಯ ಸ್ಟೀಲು, ಹಿತ್ತಾಳೆ ಇದ್ದರೆ ಒಯ್ಯಿರಿ, ತೂಕಕ್ಕೆ ಹಾಕಿ ಬೆಲೆ ಕಳೆಯುತ್ತಾರೆ. ಆನ್‌ಲೈನ್‌ನಲ್ಲಿ ನೂರಿನ್ನೂರು ಉಳಿಯಬಹುದು, ಆದರೆ ನಾಣ್ಯ ಬಡಿದು ಸದ್ದು ಕೇಳಲು ಆಗುವುದಿಲ್ಲ.

ಹಿಡಿಯನ್ನು ಮರೆಯಬೇಡಿ. ರಿವೆಟ್ ಹೊಡೆದ ಹಿಡಿ ಗಟ್ಟಿ. ಬರೀ ಚುಕ್ಕೆ ವೆಲ್ಡಿಂಗ್ ಇದ್ದರೆ ಅಂಗಡಿಯಲ್ಲೇ ತಿರುಚಿ ನೋಡಿ. ತುಂಬಿದ ಬಾಣಲೆಯನ್ನು ನಿಮ್ಮ ಕೈ ಎತ್ತಬಲ್ಲದೇ ಅನ್ನುವುದನ್ನೂ ಯೋಚಿಸಿ. ನನ್ನವಳ ಮಣಿಕಟ್ಟು ನೋವಿಗೆ ಎರಡು ಕಿಲೋ ಹೆಂಚು ಆಗುವುದಿಲ್ಲ. ಅವಳು ದೋಸೆ ಹಾಕುವ ದಿನ ಸಾದಾ ಕಬ್ಬಿಣದ ತೆಳು ಕಾವಲಿ ತೆಗೆಯುತ್ತಾಳೆ, ದೋಸೆ ಒಂದು ಕೂದಲು ಕಡಿಮೆ ಗರಿ. ಬಾಯಿಬಿಟ್ಟು ಹೇಳಿಲ್ಲ.

ಮಗಳಿಗೆ ಕೊನೆಗೆ ಕೊಡಿಸಿದ್ದು ನಾಲ್ಕು: 24 ಸೆಂಟಿಮೀಟರಿನ ಟ್ರೈಪ್ಲೈ ಬಾಣಲೆ, ಬೀಡಿನ ದೋಸೆ ಹೆಂಚು, ರೊಟ್ಟಿಗೆ ಎರಡು ತೆಳು ಕಬ್ಬಿಣದ ಬಾಣಲೆ. ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ಬಂತು. ವಾಪಸ್ ಬರುವಾಗ ಮೆಟ್ರೊ ಬ್ಯಾಗ್ ಸ್ಕ್ಯಾನರಿನಲ್ಲಿ ಹೆಂಚಿನ ಗುಂಡನೆಯ ನೆರಳು ನೋಡಿ ಸೆಕ್ಯುರಿಟಿ ಹೆಣ್ಣುಮಗಳು ಚೀಲ ತೆಗೆಸಿದಳು. ಕೈಯಲ್ಲಿ ಎತ್ತಿ ನೋಡಿ, "ಎಷ್ಟು ಕೊಟ್ರಿ ಅಂಕಲ್? ಎಲ್ಲಿ ಸಿಕ್ತು?" ಅಂದಳು. ಅಂಗಡಿಯ ಗಲ್ಲಿ ಹೇಳಿಬಂದೆ.

ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಕೊಡುತ್ತಾರಲ್ಲ, ಆ ಹುಡುಗ ಮಿಷನ್ ಹಿಡಿದು "ಯಾರ ಹೆಸರು ಸಾರ್?" ಅಂತ ಕೇಳಿದ್ದ. ಬಾಣಲೆಯ ಹಿಡಿಯ ಕೆಳಗೆ ಕೊಂಡ ತಾರೀಖು ಮತ್ತು 2.5 ಎಂಎಂ ಅಂತ ಕೆತ್ತಿಸಿದೆ. ಮಗಳು ಅದನ್ನು ನೋಡಿ, "ಅಪ್ಪ, ಇದೇನು ಬ್ಯಾಚ್ ನಂಬರಾ?" ಅಂದಳು.